ಪ್ಯಾರಾ ಹದಿನಾಲ್ಕು

ಲಂಡನ್ನಿನ ಫೆಟರ್ ಲೇನಿನ ಕೋರ್ಟಿಗೆ
ನಾಳೆ ಹತ್ತೂವರೆಯೊಳಗೆ ಹೋಗಬೇಕು ಈ ಕಾಗದ.
ಒಂಬತ್ತನೆಯ ಮಹಡಿಯಲ್ಲಿ ನಾನೊಬ್ಬಳೇ,
ಎದುರು ಕಟ್ಟಡದ ಕಿಟಕಿಯಲ್ಲಿ ನೆಲ ಒರೆಸುವ ಒಬ್ಬಾತ.

ಇಲ್ಲಿ ಅಳಿಸುವಂತಿಲ್ಲ.
ತಪ್ಪಿದ ಮಾತಿನ ಮೇಲೆ ಗೆರೆ ಎಳೆಯಬೇಕು,
ಗೆರೆಯ ಕೆಳಗೂ ಮಾತು ಓದಿಸಿಕೊಳ್ಳಬೇಕು.
ಮೊದಲ ಸಲ ತಿದ್ದಿದರೆ ಕೆಂಪು,
ಎರಡನೆಯದು ಹಸಿರು, ಮೂರನೆಯದಕ್ಕೆ ನೇರಳೆ,
ಆಮೇಲೂ ಬುದ್ಧಿ ಬರದವರಿಗೆ ಹಳದಿ.
ನಾವೀಗ ಹಸಿರಿನಲ್ಲಿದ್ದೇವೆ.

ಹಡಗಿನ ಹೆಸರು ಕಲ್ಲಿರೋಯಿ. ಪರನಾಗ್ವಾದಿಂದ
ಇಪ್ಪತ್ತೆರಡು ಸಾವಿರ ಟನ್ ಸೋಯಾ ಹೊತ್ತು ಹೊರಟಿದ್ದು.
ಚಿಂಗ್‌ದಾವ್‌ನಲ್ಲಿ ಮೂರನೆಯ ಉಗ್ರಾಣ ತೆರೆದಾಗ
ಕಾಳು ಕಪ್ಪಾಗಿ, ಗಂಟುಕಟ್ಟಿ, ಹುಳಿ ನಾತ.
ಮೇಲ್ಪದರಕ್ಕೆ ಗುದ್ದಲಿ ಹಾಕಿದರೆ ಠಣ್ ಎಂದಿತಂತೆ.

ಸಮುದ್ರದ ನೀರು ನುಗ್ಗಿತು ಎಂದು ಬರೆದೆವು.
ನೀರು ನುಗ್ಗಬೇಕಾದರೆ ಸಂದು ಬೇಕು,
ಸಂದು ಬಿಟ್ಟವನೊಬ್ಬ ಬೇಕು.
ಪ್ಯಾರಾ ಹದಿನಾಲ್ಕು, ಕಪ್ಪು ಮಸಿಯಲ್ಲಿ:
'ಬೋಸನ್ ರೊದೆಲ್ ಕಬಾಲ್ಕಿಂತೋ
ಮೂರನೆಯ ಮುಚ್ಚಳದ ಕ್ಲೀಟುಗಳನ್ನು ಬಿಗಿಮಾಡಲಿಲ್ಲ.'
ಕೊನೆಯಲ್ಲಿ ನಮ್ಮ ಕಕ್ಷಿದಾರರ ಸಹಿ:
ಇಲ್ಲಿ ಹೇಳಿದ್ದೆಲ್ಲ ನಿಜವೆಂದು ನಂಬುತ್ತೇವೆ.
ಕೆಂಪಿನ ಸರದಿಯಲ್ಲಿ ಮೊತ್ತ ಏರಿಸಿದೆವು,
ಅವನ ಹೆಸರಿನ ಕಾಗುಣಿತ ಸರಿಪಡಿಸಿದೆವು,
ಮತ್ತೆ ಸಹಿ.

ಆಮೇಲೆ ರಾಟರ್‌ಡ್ಯಾಮಿನ ಪರೀಕ್ಷಕಿ, ಮುದ್ರೆಯೊತ್ತಿದ
ಚೀಲ ಬಿಚ್ಚಿ, ಬೆಳ್ಳಿಯ ದ್ರಾವಣ ಒಂದು ಹನಿ ಬಿಟ್ಟಳು.
ಉಪ್ಪಿದ್ದರೆ ಹಾಲಿನಂತೆ ಬೆಳ್ಳಗಾಗಬೇಕು.
ಆಗಲಿಲ್ಲ. ಇನ್ನೊಂದು ಹನಿ. ಇಲ್ಲ.
ಹಡಗು ಬೆವರಿದ್ದು. ಸೆಕೆಯಿಂದ ಚಳಿಗೆ ಹೋಗುವಾಗ
ಕಬ್ಬಿಣದ ಚಾವಣಿಯಿಂದ ತೊಟ್ಟಿಕ್ಕಿದ್ದು.
ಹತ್ತೊಂಬತ್ತು ದಿನ ಗಾಳಿಗಿಂಡಿ ಮುಚ್ಚಿಸಿದ್ದು ಕ್ಯಾಪ್ಟನ್.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಇಲ್ಲಿ ಉಪ್ಪೇ ಇರಲಿಲ್ಲ;
ನೀರು ಕುಡಿದವನೊಬ್ಬನಿದ್ದ.

ನಮ್ಮ ವಕೀಲೆ ಹೆಸ್ಟರ್ ಥ್ರೆಲ್‌ಫಾಲ್‌ಗೆ ಅವಸರ:
ಗಡುವು ಮುಗಿದು ನಾಲ್ಕು ತಿಂಗಳು, ಹೊಸ ದೂರಾದರೆ ಸತ್ತಂತೆ.
ಹಳೆಯ ಕಥೆಯದೇ ಇನ್ನೊಂದು ಮಗ್ಗುಲು ಎನ್ನಬೇಕು,
ಅದೇ ಕಾಳು, ಅದೇ ಮುಚ್ಚಳ, ಅದೇ ಒದ್ದೆ.
'ಒಳಗೆ ಬಂದ ನೀರು' ಹೋಗಿ 'ಒಳಗೇ ಹುಟ್ಟಿದ ನೀರು'.
ಒಂದೇ ಪದದ ಕೆಲಸ, ಅಂದಳು, ಒಂಬತ್ತು ಮಿಲಿಯನ್ ಡಾಲರು.
ನಕ್ಕೆ. ನಿಜಕ್ಕೂ ಚೆನ್ನಾಗಿ ಬರೆಯುತ್ತಾಳೆ.

ತಿದ್ದಿದ್ದರಿಂದ ಆದ ಖರ್ಚು ತಿದ್ದಿದವರದು,
ಅದು ಇಲ್ಲಿಯ ನ್ಯಾಯ. ಎದುರು ಪಕ್ಷದ ವಕೀಲರು
ಗಂಟೆ ಲೆಕ್ಕ ಹಾಕಿ ಕಳಿಸುತ್ತಾರೆ, ಕೊಡುತ್ತೇವೆ.
ಆ ಪಟ್ಟಿಯಲ್ಲಿ ಇಲೋಯಿಲೋದ ವಿಳಾಸವಿಲ್ಲ.

ಅವನ ಪತ್ರ ನನ್ನ ಡ್ರಾಯರಿನಲ್ಲಿದೆ,
ಶಾಲೆಯ ಗೆರೆಹಾಳೆ, ದಪ್ಪ ದಪ್ಪ ಅಕ್ಷರ:
ಹದಿನೇಳು ವರ್ಷ ಹಡಗಿನಲ್ಲಿದ್ದೆ. ಈಗ ಯಾವ ಏಜೆಂಟನೂ ಕರೆಯುವುದಿಲ್ಲ.
ಆ ರಾತ್ರಿ ಕ್ಲೀಟುಗಳನ್ನು ಎರಡು ಸಲ ಮುಟ್ಟಿ ನೋಡಿದೆ.
ದಯವಿಟ್ಟು ತಿಳಿಸಿ, ಮೇಡಂ ಅಥವಾ ಸರ್,
ಕಾಗದದಲ್ಲಿ ನನ್ನ ಹೆಸರು ಇನ್ನೂ ಇದೆಯೇ?
ಉತ್ತರ ಬರೆಯುವ ಹಾಗಿಲ್ಲ. ಅವನು ಎದುರು ಪಕ್ಷದ ಸಾಕ್ಷಿ.

ಇದೆ, ರೊದೆಲ್. ಎರಡು ಅಕ್ಷರ ಕೆಂಪಾಗಿ,
ಹಸಿರು ಗೆರೆಯ ಕೆಳಗೆ, ಸ್ಪಷ್ಟವಾಗಿ ಓದಬಹುದು.
ನ್ಯಾಯಾಧೀಶರಿಗೆ ಬಣ್ಣ ಕಂಡರೆ ಕಣ್ಣು ನೋವು,
ಅವರಿಗೆಂದೇ ಗೆರೆಯಿಲ್ಲದ ಪ್ರತಿಯೊಂದು ತೆಗೆಯುತ್ತೇನೆ.
ಅದರಲ್ಲಿ ನೀನು ಇಲ್ಲವೇ ಇಲ್ಲ.
ಬಿಗಿಮಾಡಲಿಲ್ಲ ಎಂದಿದ್ದೆವು, ಈಗ ಅನ್ನುತ್ತಿಲ್ಲ.
ಬಿಗಿಮಾಡಿದ್ದ ಎಂದು
ಎರಡೂ ಪ್ರತಿಯಲ್ಲಿ ಎಲ್ಲೂ ಇಲ್ಲ, ಹುಡುಕಿದೆ.

ಹದಿನಾಲ್ಕು ಎಂಬ ಅಂಕಿ ಹಾಗೇ ಉಳಿಯುತ್ತದೆ,
ಮುಂದಿನವು ಕದಲಬಾರದಲ್ಲ;
ಪಕ್ಕದಲ್ಲಿ 'ಬಳಕೆಯಲ್ಲಿಲ್ಲ'.
ಪ್ರಿಂಟರು ಬಿಸಿ ಬಿಸಿ ಹಾಳೆ ಉಗುಳುತ್ತಿದೆ.
ಎದುರಿನಾತ ಒರೆಸಿದ ನೆಲ ತುಳಿಯದಂತೆ
ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ
ಬಾಗಿಲು ತಲುಪಿದ್ದಾನೆ.